ಕುಮ್ಸಾರ್ ಮುಗಿಸಿ ಹೊರಗೆ ಬಂದ ಮೇಲೆ

ಶಿರಸಿಯಲ್ಲಿ ನನ್ನ ಹಳೆಯ ಗೆಳೆಯನೊಬ್ಬ ಇದ್ದಾನೆ. ಬಹಳ ವರ್ಷದಿಂದ ಒಂದೇ ಮಾತು ಹೇಳುತ್ತಾ ಬಂದಿದ್ದಾನೆ. "ನಿಮ್ಮದು ಸುಲಭ ಮಾರಾಯ. ಏನು ಮಾಡಿದರೂ ಪಾದ್ರಿ ಹತ್ತಿರ ಹೋಗಿ ಹೇಳಿಬಿಟ್ಟರೆ ಆಯಿತು, ಪಾಪ ಖಲಾಸ್. ನಮಗೆ ಹಾಗಿಲ್ಲ, ಮಾಡಿದ್ದನ್ನು ಉಣ್ಣಲೇಬೇಕು." ಕೆಣಕಬೇಕು ಅಂತ ಹೇಳುವುದಿಲ್ಲ, ನಿಜಕ್ಕೂ ಹಾಗೇ ಅಂದುಕೊಂಡಿದ್ದಾನೆ. ಕಾರವಾರದಿಂದ ಭಟ್ಕಳದವರೆಗೆ ನಮ್ಮ ಕರಾವಳಿಯಲ್ಲಿ ದೇವಸ್ಥಾನ, ಇಗರ್ಜಿ, ಮಸೀದಿ ಎಲ್ಲ ಒಂದೇ ರಸ್ತೆಯಲ್ಲಿ ಸಿಗುತ್ತವೆ, ಒಬ್ಬರ ಹಬ್ಬಕ್ಕೆ ಇನ್ನೊಬ್ಬರು ಹೋಗುತ್ತೇವೆ, ಡಿಸೆಂಬರಿನಲ್ಲಿ ಚಂದಾವರದ ಫೆಸ್ತಿಗೆ ಎಲ್ಲ ಜಾತಿಯವರೂ ಬಂದು ಮೇಣದಬತ್ತಿ ಹಚ್ಚಿ ಹೋಗುತ್ತಾರೆ. ಆದರೆ ಪಾದ್ರಿಗೆ ಪಾಪ ಹೇಳಿಕೊಳ್ಳುವ ಜಾಗ ಇಗರ್ಜಿಯ ಮೂಲೆಯಲ್ಲಿ ಮರದ ಕಪಾಟಿನ ಹಾಗೆ ನಿಂತಿರುತ್ತದಲ್ಲ, ಅದರೊಳಗೆ ಏನು ನಡೆಯುತ್ತದೆ ಅನ್ನುವುದು ಹೊರಗಿನವರಿಗೆ ಸಿನಿಮಾದಲ್ಲಿ ನೋಡಿದಷ್ಟೇ ಗೊತ್ತು. ಒಳಗಿನವರಲ್ಲೂ ಎಷ್ಟೋ ಜನಕ್ಕೆ ಸರಿಯಾಗಿ ಗೊತ್ತಿಲ್ಲ. ನನಗೂ ಇಪ್ಪತ್ತೆರಡನೇ ವಯಸ್ಸಿನವರೆಗೆ ಗೊತ್ತಿರಲಿಲ್ಲ.

ಮೊದಲು ಪದಗಳಿಂದಲೇ ಶುರು ಮಾಡುತ್ತೇನೆ. ಅರ್ಧ ಗೊಂದಲ ಅಲ್ಲೇ ಇದೆ. ನಮ್ಮ ಮನೆಯ ಕೊಂಕಣಿಯಲ್ಲಿ ಇದಕ್ಕೆ ಕುಮ್ಸಾರ್ ಅನ್ನುತ್ತೇವೆ, ಪೋರ್ಚುಗೀಸರ ಕಾಲದಿಂದ ಉಳಿದ ಮಾತು. ಕನ್ನಡದಲ್ಲಿ ಪಾಪನಿವೇದನೆ. ಇದು ಬಾಯಿಬಿಟ್ಟು ಹೇಳಿಕೊಳ್ಳುವ ಕೆಲಸದ ಹೆಸರು ಮಾತ್ರ. ಅದರ ಹಿಂದಿರುವ ದೊಡ್ಡ ವಿಷಯಕ್ಕೆ ಪಶ್ಚಾತ್ತಾಪ ಅನ್ನುತ್ತೇವೆ. ಪಶ್ಚಾತ್ ಅಂದರೆ ಆಮೇಲೆ, ತಾಪ ಅಂದರೆ ಸುಡುವುದು. ಮಾಡಿ ಆದಮೇಲೆ ಒಳಗೆ ಸುಡುವುದು. ಎಷ್ಟು ಸರಿಯಾದ ಪದ, ಅಲ್ವಾ? ತಪ್ಪು ಮಾಡಿ ರಾತ್ರಿ ನಿದ್ದೆ ಬಾರದೆ ಹೊರಳಾಡಿದವರಿಗೆಲ್ಲ ಆ ಉರಿ ಗೊತ್ತು.

ಆದರೆ ಬೈಬಲಿನ ಮೂಲ ಪದಗಳು ಉರಿಯ ಮಾತೇ ಆಡುವುದಿಲ್ಲ. ಹಳೆಯ ಒಡಂಬಡಿಕೆಯ ಪ್ರವಾದಿಗಳು ಹೀಬ್ರೂ ಭಾಷೆಯಲ್ಲಿ ಹೇಳುವ ಪದ ಶೂವ್. ತಿರುಗು, ವಾಪಸ್ ಬಾ, ಅಷ್ಟೇ ಅದರ ಅರ್ಥ. ಪೇಟೆಗೆ ಹೋದವನು ಮನೆಗೆ ಮರಳುವುದಕ್ಕೂ ಅದೇ ಪದ. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಮೆಟನೋಯ ಅನ್ನುತ್ತಾರೆ. ಮನಸ್ಸು ಬದಲಾಗುವುದು, ನೋಡುವ ರೀತಿಯೇ ಬೇರೆಯಾಗುವುದು. ಹಳೆಯ ಕನ್ನಡ ಬೈಬಲಿನಲ್ಲಿ ಇದು 'ದೇವರ ಕಡೆಗೆ ತಿರುಗಿಕೊಳ್ಳಿರಿ' ಎಂದು ಬಂದಿದೆ. ಕೆಲವು ಸಭೆಗಳಲ್ಲಿ, ಅಂದರೆ ಕ್ರೈಸ್ತ ಪಂಗಡಗಳಲ್ಲಿ, 'ಮಾನಸಾಂತರ' ಅನ್ನುವುದನ್ನೂ ಕೇಳುತ್ತೇವೆ. ನನಗೆ 'ತಿರುಗಿಕೊಳ್ಳಿರಿ' ಅನ್ನುವುದೇ ಇಷ್ಟ. ಕಾಳಿ ನದಿಯ ಅಳಿವೆಯಲ್ಲಿ ಬೋಟು ತಿರುಗಿಸುವುದನ್ನು ನೋಡಿದ್ದೀರಾ? ಚುಕ್ಕಾಣಿ ಎಳೆದ ಕೂಡಲೇ ಬೋಟು ತಿರುಗುವುದಿಲ್ಲ. ಸ್ವಲ್ಪ ದೂರ ಹಳೆಯ ದಿಕ್ಕಿನಲ್ಲೇ ಜಾರುತ್ತದೆ, ಆಮೇಲೆ ನಿಧಾನಕ್ಕೆ ಮೂತಿ ತಿರುಗಿಸುತ್ತದೆ. ಬದಲಾಗುತ್ತೇನೆ ಎಂದು ಹೊರಟ ಮನುಷ್ಯನೂ ಹಾಗೇ.

ಉರಿಗೂ ತಿರುಗುವುದಕ್ಕೂ ಇರುವ ಈ ಅಂತರ ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ಯೇಸುವಿನ ಇಬ್ಬರು ಶಿಷ್ಯರ ಕತೆಯಲ್ಲಿ. ಒಬ್ಬ ಯೂದ, ಇನ್ನೊಬ್ಬ ಪೇತ್ರ. ಯೇಸುವನ್ನು ಹಿಡಿದುಕೊಟ್ಟದ್ದು ಯೂದ. ಅದೇ ರಾತ್ರಿ ಅಂಗಳದಲ್ಲಿ ಬೆಂಕಿ ಕಾಯಿಸುತ್ತಾ "ಆ ಮನುಷ್ಯ ಯಾರೋ ನನಗೆ ಗೊತ್ತಿಲ್ಲ" ಎಂದು ಮೂರು ಸಲ ಹೇಳಿದ್ದು ಪೇತ್ರ. ಇಬ್ಬರೂ ಬಿದ್ದರು, ಇಬ್ಬರಿಗೂ ಉರಿಯಿತು. ಯೂದನ ವಿಷಯ ಗಮನಿಸಿ. ಅವನು ದುಃಖಪಟ್ಟ. ದೇವಾಲಯದ ಯಾಜಕರ ಹತ್ತಿರ ಹೋಗಿ, ನಿರಪರಾಧಿಯನ್ನು ಹಿಡಿದುಕೊಟ್ಟು ಪಾಪ ಮಾಡಿದೆ ಎಂದು ಬಾಯಿಬಿಟ್ಟು ಹೇಳಿದ. ತೆಗೆದುಕೊಂಡ 30 ಬೆಳ್ಳಿ ನಾಣ್ಯಗಳನ್ನೂ ವಾಪಸ್ ಕೊಟ್ಟ. ದುಃಖ, ನಿವೇದನೆ, ಹಿಂತಿರುಗಿಸುವುದು, ಮೂರೂ ಆಯಿತು. ಪಟ್ಟಿ ಹಿಡಿದು ನೋಡಿದರೆ ಪೇತ್ರನಿಗಿಂತ ಇವನೇ ಜಾಸ್ತಿ ಮಾಡಿದ್ದಾನೆ. ಆದರೆ ಅವನು ಹೇಳಿಕೊಂಡದ್ದು ಯಾರ ಹತ್ತಿರ ನೋಡಿ. ಅವರು ಕೊಟ್ಟ ಉತ್ತರ, "ಅದರಿಂದ ನಮಗೇನು? ನೀನೇ ನೋಡಿಕೋ." ಅಲ್ಲಿಂದ ಹೊರಗೆ ಹೋಗಿ ಪ್ರಾಣ ಕಳೆದುಕೊಂಡ. ಸುವಾರ್ತೆಯಲ್ಲಿ ಇದನ್ನು ಬರೆದ ಮತ್ತಾಯ ಇಲ್ಲಿ ಮೆಟನೋಯದ ಪದ ಬಳಸುವುದೇ ಇಲ್ಲ. ಮಾಡಿದ್ದಕ್ಕೆ ಕೊರಗುವುದು ಎಂಬ ಅರ್ಥದ ಬೇರೆ ಪದ ಹಾಕಿದ್ದಾನೆ. ಉರಿ ಇತ್ತು, ತಿರುಗಲು ಒಂದು ಮುಖ ಕಾಣಲಿಲ್ಲ. ಯೂದನನ್ನು ಬೈಯುವವರು ಬಹಳ. ನನಗೆ ಮಾತ್ರ "ಅದರಿಂದ ನಮಗೇನು" ಎಂದವರನ್ನು ನೆನೆದರೆ ಹೆಚ್ಚು ಸಂಕಟ ಆಗುತ್ತದೆ.

ಪೇತ್ರ ಏನು ಮಾಡಿದ? ಕೋಳಿ ಕೂಗಿತು, ಹೊರಗೆ ಹೋಗಿ ಅತ್ತ. ಆಮೇಲೆ ಉಳಿದ ಶಿಷ್ಯರ ಜೊತೆಗೇ ಉಳಿದ, ಓಡಿಹೋಗಲಿಲ್ಲ. ಯೊವಾನ್ನನ ಸುವಾರ್ತೆಯ ಕೊನೆಯ ಅಧ್ಯಾಯದಲ್ಲಿ ಅವನು ಮತ್ತೆ ಮೀನು ಹಿಡಿಯಲು ಹೋಗಿರುತ್ತಾನೆ. ರಾತ್ರಿಯೆಲ್ಲ ಬಲೆ ಬೀಸಿದರೂ ಏನೂ ಇಲ್ಲ. ಬೆಳಗಾಗುವಾಗ ದಡದಲ್ಲಿ, ಸಾವಿನಿಂದ ಎದ್ದು ಬಂದ ಯೇಸು ನಿಂತಿದ್ದಾನೆ, ಕೆಂಡದ ಬೆಂಕಿಯ ಮೇಲೆ ಮೀನು ಸುಡುತ್ತಿದೆ. ಕೆಂಡದ ಬೆಂಕಿ ಎಂಬ ಆ ಗ್ರೀಕ್ ಪದ ಇಡೀ ಹೊಸ ಒಡಂಬಡಿಕೆಯಲ್ಲಿ ಬರುವುದು ಎರಡೇ ಕಡೆ. ಪೇತ್ರ ಸುಳ್ಳು ಹೇಳಿದ ಅಂಗಳದಲ್ಲಿ ಒಮ್ಮೆ, ಈ ದಡದಲ್ಲಿ ಇನ್ನೊಮ್ಮೆ. ಅದೇ ಹೊಗೆಯ ವಾಸನೆ ಮೂಗಿಗೆ ಬಡಿದಾಗ ಅವನಿಗೆ ಹೇಗಾಗಿರಬೇಡ! ಊಟ ಆದಮೇಲೆ ಯೇಸು ಮೂರು ಸಲ ಕೇಳುತ್ತಾನೆ, "ನನ್ನನ್ನು ಪ್ರೀತಿಸುತ್ತೀಯಾ?" ಮೂರನೇ ಸಲಕ್ಕೆ ಪೇತ್ರನಿಗೆ ನೋವಾಗುತ್ತದೆ. ಮೂರು ಸಲ ಇಲ್ಲ ಅಂದವನಿಂದ ಮೂರು ಸಲ ಹೌದು ಅನ್ನಿಸುತ್ತಾನೆ, ಪ್ರತಿ ಸಲವೂ ಒಂದು ಕೆಲಸ ಒಪ್ಪಿಸುತ್ತಾನೆ, ನನ್ನ ಕುರಿಗಳನ್ನು ನೋಡಿಕೋ ಎಂದು. ಕಾರವಾರದ ಬೈತ್ಕೋಲ ಬಂದರಿನಲ್ಲಿ ಬೆಳಗಿನ ಜಾವ ನಿಂತವರಿಗೆ ಈ ದೃಶ್ಯ ದೂರದ್ದು ಅನ್ನಿಸುವುದಿಲ್ಲ.

ಈಗ ಆ ಮರದ ಕಪಾಟಿನ ಒಳಗೆ ಹೋಗೋಣ.

ಕಥೋಲಿಕ ಸಭೆಯಲ್ಲಿ ಇದು ಏಳು ಸಂಸ್ಕಾರಗಳಲ್ಲಿ ಒಂದು. ಹೋಗುವ ಮುಂಚೆ ಸುಮ್ನೆ ಕುಳಿತು ಹಿಂದಿನ ದಿನಗಳನ್ನು ನೆನೆಯಬೇಕು, ಇದನ್ನು ಆತ್ಮಪರಿಶೋಧನೆ ಅನ್ನುತ್ತಾರೆ. ಮಾಡಿದ್ದಕ್ಕೆ ದುಃಖ ಇರಬೇಕು. ಗುರುಗಳ, ಅಂದರೆ ಪಾದ್ರಿಯ, ಮುಂದೆ ಹೇಳಬೇಕು. ಅವರು ಕ್ಷಮೆಯ ಮಾತು ಹೇಳುತ್ತಾರೆ, ದೇವರ ಹೆಸರಿನಲ್ಲಿ. ಜೊತೆಗೆ ಒಂದು ಪ್ರಾಯಶ್ಚಿತ್ತ ಕೊಡುತ್ತಾರೆ, ಅದನ್ನು ಮಾಡಬೇಕು. ಎಲ್ಲ ಸಣ್ಣಪುಟ್ಟದ್ದನ್ನೂ ಹೇಳಲೇಬೇಕು ಎಂದಿಲ್ಲ. ಗಂಭೀರ ವಿಷಯವಾಗಿದ್ದು, ತಪ್ಪು ಎಂದು ಪೂರ್ತಿ ಗೊತ್ತಿದ್ದು, ಬೇಕೆಂದೇ ಮಾಡಿದ್ದರೆ ಅದನ್ನು ಮಾತ್ರ ಹೇಳಲೇಬೇಕು. ಹೇಳುವುದರಿಂದ ದೇವರಿಗೆ ಹೊಸ ಸುದ್ದಿ ಸಿಗುತ್ತದೆ ಎಂದು ಯಾರೂ ನಂಬುವುದಿಲ್ಲ. ಆದರೆ ಒಳಗೊಳಗೇ "ಏನೋ ಆಗಿಹೋಯಿತು" ಎಂದು ಇಟ್ಟುಕೊಂಡಿದ್ದನ್ನು ಇನ್ನೊಬ್ಬ ಮನುಷ್ಯನ ಕಿವಿಗೆ ಬೀಳುವ ಹಾಗೆ "ನಾನು ಕದ್ದೆ" ಎಂದು ಹೇಳುವಾಗ ನಾಲಿಗೆ ಎಷ್ಟು ಭಾರವಾಗುತ್ತದೆ ಅನ್ನುವುದು ಹೇಳಿದವರಿಗೇ ಗೊತ್ತು.

ದುಃಖದಲ್ಲೂ ಬೇರೆ ಬೇರೆ ಬಗೆ ಇದೆ. "ಅಯ್ಯೋ, ಸಿಕ್ಕಿಬಿದ್ದೆನಲ್ಲಾ" ಅನ್ನುವುದು ಪಶ್ಚಾತ್ತಾಪವೇ ಅಲ್ಲ. ನರಕದ ಹೆದರಿಕೆಯಿಂದ, ಅಥವಾ ಪಾಪದ ಹೊಲಸು ಕಂಡು ಅಸಹ್ಯವಾಗಿ ಬರುವ ದುಃಖ ಅಪೂರ್ಣ, ಆದರೂ ಅದು ದೇವರ ಕೊಡುಗೆಯೇ, ಕುಮ್ಸಾರಿಗೆ ಬರಲು ಅಷ್ಟು ಸಾಕು. ಇಷ್ಟು ಪ್ರೀತಿಸುವ ದೇವರಿಗೆ ಹೀಗೆ ಮಾಡಿದೆನಲ್ಲಾ ಎಂದು ಪ್ರೀತಿಯಿಂದಲೇ ಹುಟ್ಟುವ ದುಃಖ ಪೂರ್ಣ. ಹೆದರಿಕೊಂಡು ಬಂದವನನ್ನೂ ಹೊರಗೆ ನಿಲ್ಲಿಸುವುದಿಲ್ಲ ಅನ್ನುವುದು ನನಗೆ ಬಹಳ ಸಮಾಧಾನ ಕೊಡುವ ವಿಷಯ.

ಗೆಳೆಯನ ಪ್ರಶ್ನೆಗೆ ನೇರ ಉತ್ತರ ಇಲ್ಲಿದೆ. ಆ ದುಃಖದೊಳಗೇ "ಇನ್ನು ಮಾಡುವುದಿಲ್ಲ" ಅನ್ನುವ ನಿರ್ಧಾರ ಸೇರಿರಬೇಕು. ಶನಿವಾರ ಮಾಡೋಣ, ಭಾನುವಾರ ಹೇಳಿಬಿಡೋಣ ಎಂದು ಲೆಕ್ಕ ಹಾಕಿ ಬಂದವನಿಗೆ ಗುರುಗಳು ಕ್ಷಮೆಯ ಮಾತು ಹೇಳಿದರೂ ಏನೂ ಸಿಗುವುದಿಲ್ಲ. ಸಭೆಯ ಬೋಧನೆ ಇದರಲ್ಲಿ ಸ್ಪಷ್ಟವಾಗಿದೆ. ಮತ್ತೆ ಬೀಳಬಹುದು ಎಂಬ ಹೆದರಿಕೆ ಇರುವುದು ಬೇರೆ ಮಾತು, ಅದು ಎಲ್ಲರಿಗೂ ಇರುತ್ತದೆ. ಬೀಳುವ ಯೋಜನೆ ಹಾಕಿಕೊಂಡು ಬರುವುದು ಬೇರೆ.

ನನ್ನದೇ ಒಂದು ವಿಷಯ ಹೇಳುತ್ತೇನೆ. ಒಳಗೆ ಕೇಳಿದ್ದನ್ನು ಹೇಳಬಾರದು ಎಂಬ ಕಟ್ಟು ಗುರುಗಳಿಗೆ, ಹೇಳಿಕೊಂಡವನಿಗೆ ಇಲ್ಲ.

ಆಗ ನಾನು ಕಾರವಾರದಲ್ಲಿ ಒಂದು ಮೀನಿನ ಬೋಟಿನ ಲೆಕ್ಕ ಬರೆಯುತ್ತಿದ್ದೆ. ಮೀನು ಮಾರಿದ ದುಡ್ಡಿನಲ್ಲಿ ಡೀಸೆಲ್ಲು, ಐಸು ಎಲ್ಲ ಕಳೆದು, ಉಳಿದದ್ದರಲ್ಲಿ ಮಾಲೀಕನಿಗೆ ಒಂದು ಪಾಲು, ಖಲಾಸಿಗಳಿಗೆ ಒಂದು ಪಾಲು. ನಾನು ಡೀಸೆಲ್ಲಿನ ಲೆಕ್ಕ ಸ್ವಲ್ಪ ಜಾಸ್ತಿ ಬರೆಯಲು ಶುರು ಮಾಡಿದೆ. ಒಂದು ಸಲ ನೂರು, ಒಂದು ಸಲ ಇನ್ನೂರು. ಸೀಸನ್ ಮುಗಿಯುವಾಗ ನಾಲ್ಕು ಸಾವಿರದ ಮೇಲೆ ನನ್ನ ಕಿಸೆಗೆ ಬಂದಿತ್ತು. ಪಾಸ್ಖ ಹಬ್ಬದ, ಅಂದರೆ ಈಸ್ಟರಿನ, ಮುಂಚೆ ಎಲ್ಲರೂ ಕುಮ್ಸಾರಿಗೆ ಹೋಗುತ್ತಾರೆ, ಅಮ್ಮನ ಒತ್ತಾಯಕ್ಕೆ ನಾನೂ ಹೋದೆ. "ಸುಳ್ಳು ಹೇಳಿದ್ದೇನೆ, ಸ್ವಲ್ಪ ದುಡ್ಡು ತೆಗೆದಿದ್ದೇನೆ" ಎಂದು ಬೇಗ ಬೇಗ ಹೇಳಿದೆ. ಮೂರು ನಮೋ ಮರಿಯೆ ಪ್ರಾರ್ಥನೆ ಹೇಳು ಅನ್ನುತ್ತಾರೆ, ಹೇಳಿ ಮನೆಗೆ ಹೋಗುತ್ತೇನೆ ಎಂದುಕೊಂಡಿದ್ದೆ.

ಗುರುಗಳು ಕೇಳಿದರು, "ಯಾರ ದುಡ್ಡು?"

"ಬೋಟಿನದ್ದು."

"ಬೋಟಿಗೆ ಹಸಿವಾಗುತ್ತದಾ? ಯಾರದ್ದು ಹೇಳು."

ಆಗ ಒಬ್ಬೊಬ್ಬರ ಮುಖ ಕಣ್ಣ ಮುಂದೆ ಬಂತು. ಅಷ್ಟು ದಿನ ಬಂದಿರಲಿಲ್ಲ. ಅವರು ಹೇಳಿದ್ದು ಇಷ್ಟೇ: ಕ್ಷಮೆ ಈಗಲೇ ಇದೆ, ಆದರೆ ಆ ದುಡ್ಡು ನಿನ್ನದಲ್ಲ, ಅವರಿಗೆ ಮುಟ್ಟಬೇಕು. ಹೆಸರು ಹೇಳಿಯೇ ಕೊಡಬೇಕು ಎಂದು ಹಠ ಮಾಡಲಿಲ್ಲ, ಗುಟ್ಟಾಗಿ ಮುಟ್ಟಿಸಿದರೂ ಆಗುತ್ತದೆ ಎಂದರು. ಮನುಷ್ಯ ಸಿಗದಿದ್ದರೆ ಮನೆಯವರಿಗೆ, ಯಾರೂ ಇಲ್ಲದಿದ್ದರೆ ಬಡವರಿಗೆ. ಪ್ರಾರ್ಥನೆಯಾಗಿ ಬೈಬಲಿನ 51ನೇ ಕೀರ್ತನೆಯನ್ನು ನಿಧಾನವಾಗಿ ಓದು ಎಂದರು. ದಾವೀದ ರಾಜ ಊರೀಯನ ಹೆಂಡತಿಯನ್ನು ತೆಗೆದುಕೊಂಡು, ಊರೀಯನನ್ನು ಯುದ್ಧದಲ್ಲಿ ಸಾಯುವ ಹಾಗೆ ಮಾಡಿ, ನಾತಾನ ಪ್ರವಾದಿ ಮುಖಕ್ಕೆ ಹೇಳಿದ ಮೇಲೆ ಹಾಡಿದ ಕೀರ್ತನೆ ಎಂದು ಅದಕ್ಕೆ ಹೆಸರು.

ಪಾಲಿನ ಲೆಕ್ಕ ಎಲ್ಲರಿಗೂ ಗೊತ್ತಿರುವ ಕಡೆ ಗುಟ್ಟಾಗಿ ಕೊಡುವುದು ಆಗಲಿಲ್ಲ. ಮನೆ ಮನೆಗೆ ಹೋದೆ. ಇಬ್ಬರು ಬೈದರು, ಒಬ್ಬ ನಕ್ಕ. ಬೋಟು ನಡೆಸುವ ಹಿರಿಯ ತಾಂಡೇಲ ಮಾತ್ರ ದುಡ್ಡನ್ನು ಎರಡು ಸಲ ಎಣಿಸಿ, ಎಲೆಅಡಿಕೆ ಡಬ್ಬಿಯ ಕೆಳಗೆ ಇಟ್ಟು, "ದುಡ್ಡು ಬಂತು. ಲೆಕ್ಕದ ಪುಸ್ತಕ ಇನ್ನು ಬೇರೆ ಯಾರಾದರೂ ಹಿಡಿಯಲಿ" ಎಂದ. ಕ್ಷಮೆ ಐದು ನಿಮಿಷದಲ್ಲಿ ಸಿಕ್ಕಿತ್ತು. ತಾಂಡೇಲ ನನ್ನನ್ನು ನೋಡಿ ಮತ್ತೆ ಮಾತನಾಡಿಸಲು ಮೂರು ಸೀಸನ್ ಹಿಡಿಯಿತು.

ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಸಹಾಯ ಮಾಡಿದ್ದು ಯಾವ ಪುಸ್ತಕವೂ ಅಲ್ಲ, ಕುಮಟಾ ಕಡೆಯ ಗದ್ದೆಗಳು. ಅಘನಾಶಿನಿಯ ದಂಡೆಯಲ್ಲಿ ಉಪ್ಪುನೀರು ಒಳಗೆ ಬಾರದ ಹಾಗೆ ಒಡ್ಡು ಹಾಕಿರುತ್ತಾರೆ. ಯಾರದೋ ತಪ್ಪಿನಿಂದ ಒಡ್ಡು ಒಡೆದು ಪಕ್ಕದವನ ಗದ್ದೆಗೆ ಉಪ್ಪುನೀರು ನುಗ್ಗಿತು ಅಂದುಕೊಳ್ಳಿ. ತಪ್ಪು ಮಾಡಿದವನು ಬಂದು ಕೈ ಮುಗಿದ. ಗದ್ದೆಯವನು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದ, ಇಬ್ಬರೂ ಒಟ್ಟಿಗೆ ಚಹಾ ಕುಡಿದರು. ಕ್ಷಮೆ ನಿಜವೇ. ಆದರೆ ಉಪ್ಪು ಇನ್ನೂ ಮಣ್ಣಿನಲ್ಲಿದೆ. ಒಡ್ಡು ಮತ್ತೆ ಕಟ್ಟಬೇಕು, ಮಳೆನೀರು ನಿಲ್ಲಿಸಿ ಹರಿಬಿಡಬೇಕು, ಉಪ್ಪು ತೊಳೆದು ಹೋಗಲು ಮಳೆಗಾಲಗಳೇ ಬೇಕು. ಕ್ಷಮಿಸಿದ ಮೇಲೂ ಆ ಕೆಲಸ ಇದ್ದೇ ಇರುತ್ತದೆ. ತಪ್ಪು ಮಾಡಿದವನು ಗುದ್ದಲಿ ಹಿಡಿದು ಆ ಕೆಲಸಕ್ಕೆ ಇಳಿಯುವುದೇ ಪ್ರಾಯಶ್ಚಿತ್ತ. ಉಪ್ಪು ನಿಂತಿರುವುದು ಪಕ್ಕದವನ ಗದ್ದೆಯಲ್ಲಿ ಮಾತ್ರವೂ ಅಲ್ಲ, ಮಾಡಿದವನ ಒಳಗೂ ಇರುತ್ತದೆ. ಸುಳ್ಳು ಲೆಕ್ಕ ಬರೆದು ರೂಢಿಯಾದ ಕೈಗೆ ಮತ್ತೆ ಸರಿಯಾಗಿ ಬರೆಯುವುದನ್ನು ಕಲಿಸಬೇಕಲ್ಲ.

ಪ್ರಾಯಶ್ಚಿತ್ತದಿಂದ ಕ್ಷಮೆ ಕೊಂಡುಕೊಳ್ಳುತ್ತೇವೆ ಅನ್ನುವುದು ತಪ್ಪು ತಿಳಿವಳಿಕೆ. ಕ್ಷಮೆ ಪುಕ್ಕಟೆ. ಸಭೆಯ ಇತಿಹಾಸದಲ್ಲೇ ಈ ಗೊಂದಲ ದೊಡ್ಡ ಅನಾಹುತ ಮಾಡಿದೆ. ಕ್ಷಮಿಸಿದ ಮೇಲೂ ಉಳಿಯುವ ಆ ಉಪ್ಪಿನ ಭಾಗ ಇದೆಯಲ್ಲ, ಅದನ್ನು ಕಡಿಮೆ ಮಾಡಲು ಸಭೆ ಕೊಡುವ ವಿನಾಯಿತಿಗೆ ಇಂಡಲ್ಜೆನ್ಸ್ ಎಂದು ಹೆಸರು. ಬೋಧನೆಯ ಪ್ರಕಾರ ಅದು ಪಾಪದ ಕ್ಷಮೆಯೇ ಅಲ್ಲ, ಕ್ಷಮೆ ಸಿಕ್ಕವನಿಗೆ ಮಾತ್ರ ಸಲ್ಲುವುದು. ಆದರೆ 16ನೇ ಶತಮಾನದ ಹೊತ್ತಿಗೆ ಜರ್ಮನಿಯಲ್ಲಿ ಅದನ್ನು ದುಡ್ಡಿಗೆ ಕೊಡುವ ದಂಧೆಯೇ ನಡೆಯಿತು. ರೋಮಿನಲ್ಲಿ ಸಂತ ಪೇತ್ರರ ದೊಡ್ಡ ದೇವಾಲಯ ಕಟ್ಟಲು ಹಣ ಬೇಕಿತ್ತು, ಯೋಹಾನ್ ಟೆಟ್ಸೆಲ್ ಎಂಬ ಸನ್ಯಾಸಿ ಊರೂರು ತಿರುಗಿ ಪ್ರಚಾರ ಮಾಡಿದ. ಆಗ ಮಾರ್ಟಿನ್ ಲೂಥರ್ ಎಂಬ ಇನ್ನೊಬ್ಬ ಸನ್ಯಾಸಿ 1517ರಲ್ಲಿ 95 ವಾದಗಳನ್ನು ಮುಂದಿಟ್ಟ. ಮೊದಲನೆಯದೇ ನಮ್ಮ ವಿಷಯ: ಕ್ರಿಸ್ತನು ತಿರುಗಿಕೊಳ್ಳಿರಿ ಎಂದಾಗ ವಿಶ್ವಾಸಿಗಳ ಇಡೀ ಬದುಕೇ ಪಶ್ಚಾತ್ತಾಪವಾಗಬೇಕು ಎಂದು ಬಯಸಿದ. ಅದರ ಹಿಂದೆಯೂ ಒಂದು ಪದದ ಕತೆ ಇದೆ. ಲ್ಯಾಟಿನ್ ಬೈಬಲಿನಲ್ಲಿ ಆ ಜಾಗದಲ್ಲಿದ್ದ ಮಾತನ್ನು ಜನ "ಪ್ರಾಯಶ್ಚಿತ್ತ ಮಾಡಿರಿ" ಎಂದು ಓದುತ್ತಿದ್ದರು. ಎರಾಸ್ಮಸ್ ಎಂಬ ವಿದ್ವಾಂಸ 1516ರಲ್ಲಿ ಗ್ರೀಕ್ ಮೂಲವನ್ನು ಅಚ್ಚು ಹಾಕಿಸಿದ ಮೇಲೆ, ಅಲ್ಲಿರುವುದು ಮನಸ್ಸು ತಿರುಗಿಸುವ ಮಾತು ಅನ್ನುವುದು ಓದಬಲ್ಲವರಿಗೆಲ್ಲ ಕಂಡಿತು. ದಂಧೆಯ ವಿಷಯದಲ್ಲಿ ಲೂಥರ್ ಹೇಳಿದ್ದು ಸರಿ ಎಂದು ಕಥೋಲಿಕನಾಗಿ ನಾನು ಯಾವ ಹಿಂಜರಿಕೆಯೂ ಇಲ್ಲದೆ ಹೇಳುತ್ತೇನೆ. ಬಿಷಪರೆಲ್ಲ ಸೇರಿದ ಟ್ರೆಂಟ್ ಮಹಾಸಭೆಯೂ ಆಮೇಲೆ ಆ ದುಡ್ಡಿನ ವ್ಯವಹಾರವನ್ನು ಖಂಡಿಸಿತು.

ಮೊದಲಿನಿಂದಲೂ ಕುಮ್ಸಾರ್ ಹೀಗೇ ಇತ್ತು ಎಂದುಕೊಳ್ಳಬೇಡಿ. ಮೊದಲ ಶತಮಾನಗಳಲ್ಲಿ ಕೊಲೆ, ವ್ಯಭಿಚಾರ, ವಿಶ್ವಾಸ ಬಿಟ್ಟುಕೊಡುವುದು, ಇಂಥ ದೊಡ್ಡ ಪಾಪಗಳಿಗೆ ಊರ ಮುಂದೆ, ವರ್ಷಗಟ್ಟಲೆ ಪ್ರಾಯಶ್ಚಿತ್ತ. ಜೀವಮಾನದಲ್ಲಿ ಒಂದೇ ಸಲ ಅವಕಾಶ. ಮೊದಲು ಪ್ರಾಯಶ್ಚಿತ್ತ, ಅದು ಪೂರ್ತಿ ಆದಮೇಲೆ ಕ್ಷಮೆ. ದೊಡ್ಡವರಿಗೂ ರಿಯಾಯಿತಿ ಇರಲಿಲ್ಲ. 390ರಲ್ಲಿ ಥೆಸಲೋನಿಕದಲ್ಲಿ ಸಾವಿರಾರು ಜನರ ಕೊಲೆಗೆ ಕಾರಣನಾದ ಚಕ್ರವರ್ತಿ ಥಿಯೊಡೋಸಿಯಸ್‌ಗೆ ಮಿಲಾನಿನ ಬಿಷಪ್ ಆಂಬ್ರೋಸ್ ಪತ್ರ ಬರೆದು, ಪಶ್ಚಾತ್ತಾಪ ಪಡುವವರೆಗೆ ನಿನ್ನ ಮುಂದೆ ಬಲಿಪೂಜೆ (ಇಗರ್ಜಿಯ ಮುಖ್ಯ ಆರಾಧನೆ) ಅರ್ಪಿಸಲಾರೆ ಎಂದರು. ಚಕ್ರವರ್ತಿ ರಾಜಚಿಹ್ನೆಗಳನ್ನು ತೆಗೆದಿಟ್ಟು ಎಲ್ಲರ ಮುಂದೆ ಅತ್ತು ಕ್ಷಮೆ ಕೇಳಿದ. ಇಷ್ಟು ಕಠಿಣ ಇದ್ದದ್ದರಿಂದಲೇ ಎಷ್ಟೋ ಜನ ಸಾಯುವ ಹೊತ್ತಿನವರೆಗೆ ಮುಂದೂಡುತ್ತಿದ್ದರು. ಆಮೇಲೆ 6 ಮತ್ತು 7ನೇ ಶತಮಾನಗಳಲ್ಲಿ ಐರ್ಲೆಂಡಿನ ಸನ್ಯಾಸಿಗಳು ಬೇರೆ ಪದ್ಧತಿ ತಂದರು. ಗುಟ್ಟಾಗಿ ಹೇಳಿಕೊಳ್ಳಬಹುದು, ಎಷ್ಟು ಸಲ ಬೇಕಾದರೂ. ಇಂಥ ತಪ್ಪಿಗೆ ಇಷ್ಟು ದಿನ ರೊಟ್ಟಿ ಮತ್ತು ನೀರು ಎಂದು ಕೈಪಿಡಿಗಳನ್ನೇ ಬರೆದರು. ವರ್ಷಕ್ಕೆ ಒಮ್ಮೆಯಾದರೂ ಪಾಪನಿವೇದನೆ ಮಾಡಬೇಕು ಎಂಬ ನಿಯಮ 1215ರ ಲ್ಯಾಟರನ್ ಮಹಾಸಭೆಯದು. ಜಾಲರಿ ಇರುವ ಮರದ ಪೆಟ್ಟಿಗೆ 16ನೇ ಶತಮಾನದ್ದು, ಮಿಲಾನಿನ ಇನ್ನೊಬ್ಬ ಬಿಷಪ್ ಚಾರ್ಲ್ಸ್ ಬೊರೊಮಿಯೊ ಅದನ್ನು ಹರಡಿದರು. 1973ರ ಹೊಸ ವಿಧಿ ಬಂದ ಮೇಲೆ ಎದುರೆದುರು ಕುಳಿತು ಹೇಳುವುದೂ ಸಾಮಾನ್ಯವಾಯಿತು.

ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಸಾಮಾನ್ಯವಾಗಿ ನೇರವಾಗಿ ದೇವರಿಗೇ ಹೇಳಿಕೊಳ್ಳುತ್ತಾರೆ, ಆರಾಧನೆಯಲ್ಲಿ ಎಲ್ಲರೂ ಒಟ್ಟಾಗಿ ಹೇಳುವ ಪ್ರಾರ್ಥನೆ ಇರುತ್ತದೆ. ಆರ್ಥೊಡಾಕ್ಸ್ ಸಭೆಗಳ ರೀತಿ ನನಗೆ ಬಹಳ ಹಿಡಿಸುತ್ತದೆ. ಗ್ರೀಕ್, ರಷ್ಯನ್ ಇಗರ್ಜಿಗಳಲ್ಲಿ ಹೇಳುವವನು ಕ್ರಿಸ್ತನ ಚಿತ್ರದ ಕಡೆ ಮುಖ ಮಾಡಿ ನಿಂತು ಹೇಳುತ್ತಾನೆ, ಗುರು ಪಕ್ಕದಲ್ಲಿ ಸಾಕ್ಷಿಯಾಗಿ ನಿಂತಿರುತ್ತಾನೆ. ಪ್ರಾಯಶ್ಚಿತ್ತವನ್ನು ಅವರು ಔಷಧಿ ಎಂದೇ ನೋಡುತ್ತಾರೆ. ತಪಸ್ಸು ಕಾಲ ಶುರುವಾಗುವ ಹಿಂದಿನ ಭಾನುವಾರ ಗುರುವಿನಿಂದ ಹಿಡಿದು ಮಕ್ಕಳವರೆಗೆ ಒಬ್ಬರ ಮುಂದೆ ಒಬ್ಬರು ಬಾಗಿ "ನನ್ನನ್ನು ಕ್ಷಮಿಸು" ಎಂದು ಕೇಳುತ್ತಾರೆ.

ತಪಸ್ಸು ಕಾಲ ಅಂದೆನಲ್ಲ, ನಮ್ಮ ಕೊಂಕಣಿಯಲ್ಲಿ ಅದು ಕರೇಜ್ಮ. ಪಾಸ್ಖದ ಮುಂಚಿನ ನಲವತ್ತು ದಿನ, ಭಾನುವಾರಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೂದಿ ಬುಧವಾರ ಶುರು. ಹಿಂದಿನ ವರ್ಷದ ಗರಿಗಳ ಭಾನುವಾರ, ಯೇಸುವಿಗೆ ಜನ ಗರಿ ಹಿಡಿದು ಜಯಕಾರ ಹಾಕಿದ್ದರ ನೆನಪಿಗೆ ಕೈಯಲ್ಲಿ ಹಿಡಿದ ತೆಂಗಿನ ಗರಿ ಮನೆಯ ಶಿಲುಬೆಯ ಹಿಂದೆ ಒಣಗಿ ಕುಳಿತಿರುತ್ತದೆ. ಅದನ್ನೇ ತಂದು ಸುಟ್ಟ ಬೂದಿಯನ್ನು ಹಣೆಗೆ ಹಚ್ಚುತ್ತಾರೆ. ಜಯಕಾರ ಹಾಕಿದ ಗರಿಯೇ ಬೂದಿ. ಆ ದಿನ ಓದುವ ಯೋವೇಲ ಪ್ರವಾದಿಯ ಮಾತು, ಬಟ್ಟೆ ಹರಿದುಕೊಳ್ಳಬೇಡಿ, ಹೃದಯ ಹರಿದುಕೊಳ್ಳಿ ಎಂದು. ಬೂದಿ ಬುಧವಾರ ಮತ್ತು ಶುಭ ಶುಕ್ರವಾರ (ಗುಡ್ ಫ್ರೈಡೆ) 18ರಿಂದ 59 ವರ್ಷದವರಿಗೆ ಉಪವಾಸ, ಶುಕ್ರವಾರಗಳಲ್ಲಿ ಮಾಂಸ ಇಲ್ಲ. ಮೀನಿಗೆ ಅಡ್ಡಿಯಿಲ್ಲ. ಯುರೋಪಿನಲ್ಲಿ ಮಾಂಸ ಅಂದರೆ ಹಬ್ಬದ ಊಟ, ಮೀನು ಬಡವರ ಊಟ ಅನ್ನುವ ಲೆಕ್ಕ ಇದ್ದಿರಬಹುದು. ಕಾರವಾರದವನಿಗೆ ಕೋಳಿ ಬಿಟ್ಟು ಇಸ್ವಾಣ ಮೀನು ತಿನ್ನು ಅಂದರೆ ಅದು ಯಾವ ತಪಸ್ಸು ಹೇಳಿ? ನನ್ನ ಅಜ್ಜಿಗೆ ಇದು ಚೆನ್ನಾಗಿ ಗೊತ್ತಿತ್ತು. ಆ ಶುಕ್ರವಾರಗಳಲ್ಲಿ ಬಂಗಡೆಯನ್ನೂ ಮನೆಗೆ ತರುತ್ತಿರಲಿಲ್ಲ, ಆ ದಿನದ ಮೀನಿನ ದುಡ್ಡನ್ನು ಒಂದು ಡಬ್ಬಿಗೆ ಹಾಕಿ, ಹಬ್ಬದ ಮುಂಚೆ ನೆರೆಯ ಒಬ್ಬ ಮುದುಕಿಗೆ ಕೊಡುತ್ತಿದ್ದರು. ಪ್ರಾರ್ಥನೆ, ಉಪವಾಸ, ದಾನ ಮೂರೂ ಒಟ್ಟಿಗೆ ಹೋಗಬೇಕು ಎಂದು ಸುವಾರ್ತೆ ಹೇಳುವುದನ್ನು ಅಜ್ಜಿ ಆ ಡಬ್ಬಿಯಲ್ಲೇ ಮುಗಿಸಿದ್ದರು.

ಎರಡು ಕಷ್ಟದ ವಿಷಯಗಳನ್ನು ಬಿಟ್ಟರೆ ಸರಿಯಾಗುವುದಿಲ್ಲ. ಒಂದು, ಕೆಲವರಿಗೆ ಈ ಉರಿ ಆರುವುದೇ ಇಲ್ಲ. ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುತ್ತಾರೆ, ಸರಿಯಾಗಿ ಹೇಳಿದೆನೋ ಇಲ್ಲವೋ ಎಂದು ರಾತ್ರಿಯೆಲ್ಲ ಕೊರಗುತ್ತಾರೆ. ಲೊಯೊಲದ ಸಂತ ಇಗ್ನೇಶಿಯಸ್ 1522ರಲ್ಲಿ ಸ್ಪೇನಿನ ಮನ್ರೇಸದಲ್ಲಿ ಇದೇ ಸಂಕಟದಿಂದ ಪ್ರಾಣ ಕಳೆದುಕೊಳ್ಳುವ ಯೋಚನೆಯವರೆಗೆ ಹೋಗಿದ್ದರು. ಅಂಥವರು ಹಳೆಯ ಪಾಪಗಳನ್ನು ಮತ್ತೆ ಕೆದಕಬಾರದು ಎಂದೇ ಗುರುಗಳು ಹೇಳುತ್ತಾರೆ. ನಿಮ್ಮ ಮನೆಯಲ್ಲಿ ಹೀಗೆ ಯಾರಾದರೂ ಇದ್ದರೆ ದಯವಿಟ್ಟು ಡಾಕ್ಟರ ಹತ್ತಿರವೂ ಕರೆದುಕೊಂಡು ಹೋಗಿ. ಇನ್ನೊಂದು, ಗುಟ್ಟಿನ ವಿಷಯ. ಗುರು ಕೇಳಿದ್ದನ್ನು ಯಾವ ಕಾರಣಕ್ಕೂ ಹೇಳುವಂತಿಲ್ಲ, ಹೇಳಿದರೆ ಆ ಕ್ಷಣಕ್ಕೇ ಸಭೆಯಿಂದ ಬಹಿಷ್ಕಾರ. ಜನ ಬಾಯಿಬಿಡುವುದೇ ಆ ಧೈರ್ಯದ ಮೇಲೆ. ಆದರೆ ಕೇರಳದಲ್ಲಿ ಕೆಲವು ಗುರುಗಳು ಒಬ್ಬ ಹೆಂಗಸಿನ ನಿವೇದನೆಯನ್ನೇ ಹಿಡಿದು ಹೆದರಿಸಿದರು ಎಂಬ ಆರೋಪ ಬಂದು, 2018ರಲ್ಲಿ ರಾಷ್ಟ್ರೀಯ ಮಹಿಳಾ ಆಯೋಗ ಈ ಪದ್ಧತಿಯನ್ನೇ ನಿಲ್ಲಿಸಬೇಕು ಎಂದು ಶಿಫಾರಸು ಮಾಡಿತು. ನಿಲ್ಲಿಸಬೇಕು ಎಂದು ನನಗೆ ಅನ್ನಿಸುವುದಿಲ್ಲ. ಆದರೆ ಒಬ್ಬರು ನಂಬಿ ಬಿಚ್ಚಿಟ್ಟ ಸಂಕಟವನ್ನೇ ಅವರ ಮೇಲೆ ಆಯುಧ ಮಾಡಿಕೊಂಡರೆ, ಅದಕ್ಕಿಂತ ದೊಡ್ಡ ದ್ರೋಹ ಇಲ್ಲ. ಆ ಸಿಟ್ಟು ನ್ಯಾಯವಾದದ್ದೇ.

ಶಿರಸಿಯ ಗೆಳೆಯನಿಗೆ ಇದನ್ನೆಲ್ಲ ಒಂದು ಸಂಜೆ ಕುಳಿತು ಹೇಳಿದೆ. ಅವನು ಸುಮಾರು ಹೊತ್ತು ಸುಮ್ಮನಿದ್ದ. ಆಮೇಲೆ, ತಮ್ಮ ಮನೆಯಲ್ಲಿ ಹರಕೆ ತಪ್ಪಿದರೆ ತಪ್ಪುಕಾಣಿಕೆ ಕಟ್ಟಿಡುತ್ತೇವೆ, ಹೆಚ್ಚು ಕಡಿಮೆ ಅದೇ ಅಲ್ವಾ ಎಂದ. ಹತ್ತಿರದ್ದೇ ಎಂದೆ. ನಮ್ಮಲ್ಲೂ ಕಾಣಿಕೆಯ ಬಗ್ಗೆ ಯೇಸು ಒಂದು ಮಾತು ಹೇಳುತ್ತಾನೆ. ಕಾಣಿಕೆ ತಂದು ಪೀಠದ ಮುಂದೆ ನಿಂತಿರುವಾಗ, ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ಬೇಸರ ಇದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಅವನ ಜೊತೆ ಸರಿಮಾಡಿಕೋ, ಆಮೇಲೆ ಬಂದು ಕೊಡು ಎಂದು.

ಅವನಿಗೂ ಅವನ ಅಣ್ಣನಿಗೂ ಅಡಿಕೆ ತೋಟದ ನೀರಿನ ವಿಷಯದಲ್ಲಿ ಮಾತು ಬಿಟ್ಟು ಹತ್ತು ವರ್ಷ ಆಯಿತು. ತಪ್ಪು ತನ್ನದೇ ಎಂದು ನನ್ನ ಹತ್ತಿರ ಯಾವತ್ತೋ ಹೇಳಿದ್ದ. "ನಿಮ್ಮ ಪಾದ್ರಿ ಹತ್ತಿರ ನಾನು ಹೋಗಿ ಹೇಳಬಹುದಾ?" ಎಂದು ಕೇಳಿದ. ಸಂಸ್ಕಾರ ದೀಕ್ಷಾಸ್ನಾನ ಆಗಿ ಕ್ರೈಸ್ತರಾದವರಿಗೆ ಮಾತ್ರ, ಆದರೆ ಹೋಗಿ ಕುಳಿತರೆ ಕೇಳಿಸಿಕೊಳ್ಳುತ್ತಾರೆ, ಯಾರಿಗೂ ಹೇಳುವುದಿಲ್ಲ ಎಂದೆ. ಮೊದಲು ಅವರು ಕೇಳುವ ಪ್ರಶ್ನೆ ಯಾವುದು ಎಂದು ನನಗೆ ಗೊತ್ತಿತ್ತು, ಅವನಿಗೂ ಗೊತ್ತಾಗಿತ್ತು ಅನ್ನಿಸುತ್ತದೆ. "ಅಣ್ಣನ ಮನೆ ಎರಡೇ ಕಿಲೋಮೀಟರ್" ಎಂದ.

ಹೋದ ವಾರ ಫೋನಿನಲ್ಲಿ ಕೇಳಿದೆ. ಇನ್ನೂ ಹೋಗಿಲ್ಲ.